ಸಿಟ್ಟು ಬದಿಗಿಟ್ಟು ಪ್ರಶ್ನೆ ಬರೆಯುವುದು: ಸಂಸದರ ಕಚೇರಿಯಲ್ಲಿ ನನ್ನ ಅನುಭವ

ವಿರೋಧ ಪಕ್ಷದ ಸಂಸದ ಅಂದ ಕೂಡಲೇ ನಮ್ಮ ಜನಕ್ಕೆ ನೆನಪಾಗುವುದು ಫಲಕ ಹಿಡಿದು ಸದನದ ಬಾವಿಗಿಳಿದು ಕೂಗುವ ಮನುಷ್ಯ. ಅದೂ ಕೆಲಸವೇ, ಇಲ್ಲವೆನ್ನುವುದಿಲ್ಲ. ಆದರೆ ಸರ್ಕಾರದ ಬಾಯಿಂದ ದಾಖಲೆಯಲ್ಲಿ ಉಳಿಯುವಂಥ ಮಾತು ಹೊರಡಿಸುವುದು ಬೇರೆಯದೇ ಕಸುಬು. 18ನೇ ಲೋಕಸಭೆಯಲ್ಲಿ ವಿರೋಧ ಪಕ್ಷದ ಸಾಲಿನಲ್ಲಿ ಕೂರುವ ನಮ್ಮ ರಾಜ್ಯದ ಸಂಸದರೊಬ್ಬರ ದೆಹಲಿ ಕಚೇರಿಯಲ್ಲಿ ನಾನು ಮಾಡಿದ್ದು ಆ ಕಸುಬು. ಅವರ ಹೆಸರು ಇಲ್ಲಿ ಬೇಡ. ಕಚೇರಿಯಲ್ಲಿ ಎಲ್ಲರೂ ಕರೆಯುವಂತೆ ಸಾಹೇಬ್ರು ಅಂತಲೇ ಬರೆಯುತ್ತೇನೆ.

ಎಲ್ಲ ಪ್ರಶ್ನೆಗಳ ಕಥೆ ಹೇಳಲು ಹೋದರೆ ಮುಗಿಯುವುದಿಲ್ಲ, ಭದ್ರಾ ಮೇಲ್ದಂಡೆ ಒಂದೇ ಸಾಕು. 2023ರ ಫೆಬ್ರವರಿ 1ರ ಬಜೆಟ್ ಭಾಷಣದಲ್ಲಿ ಹಣಕಾಸು ಸಚಿವೆ ನಿರ್ಮಲಾ ಸೀತಾರಾಮನ್ ಅವರು, ಬರಪೀಡಿತ ಮಧ್ಯ ಕರ್ನಾಟಕದಲ್ಲಿ ಸೂಕ್ಷ್ಮ ನೀರಾವರಿಗೆ ಮತ್ತು ಕುಡಿಯುವ ನೀರಿನ ಕೆರೆ ತುಂಬಿಸಲು ಈ ಯೋಜನೆಗೆ ₹5,300 ಕೋಟಿ ಕೇಂದ್ರ ನೆರವು ಕೊಡುವುದಾಗಿ ಪ್ರಕಟಿಸಿದರು. ಮೂರು ತಿಂಗಳಾಚೆ ರಾಜ್ಯದಲ್ಲಿ ವಿಧಾನಸಭಾ ಚುನಾವಣೆಯಿತ್ತು. ತುಂಗೆಯಿಂದ 17.40 ಟಿಎಂಸಿ ಅಡಿ ನೀರನ್ನು ಭದ್ರೆಗೆ ಎತ್ತಿ, ಭದ್ರೆಯಿಂದ 29.90 ಟಿಎಂಸಿ ಅಡಿಯನ್ನು ಅಜ್ಜಂಪುರದ ಬಳಿಯ ಸುರಂಗದ ಮೂಲಕ ಚಿಕ್ಕಮಗಳೂರು, ಚಿತ್ರದುರ್ಗ, ತುಮಕೂರು, ದಾವಣಗೆರೆ ಜಿಲ್ಲೆಗಳ ಒಣ ತಾಲ್ಲೂಕುಗಳಿಗೆ ಒಯ್ಯುವ ಯೋಜನೆ ಅದು. 2,25,515 ಹೆಕ್ಟೇರಿಗೆ ಹನಿ ನೀರಾವರಿ, ಜೊತೆಗೆ 367 ಕೆರೆ. ಚುನಾವಣೆ ಮುಗಿಯಿತು, ಬೆಂಗಳೂರಿನಲ್ಲಿ ಸರ್ಕಾರ ಬದಲಾಯಿತು. ಘೋಷಿಸಿದ ಹಣ ಬಂದಿಲ್ಲವೆಂದು ರಾಜ್ಯ ಹೇಳತೊಡಗಿತು.

ಸಾಹೇಬ್ರು ನನ್ನನ್ನು ಕೂರಿಸಿಕೊಂಡು ಹೇಳಿ ಬರೆಸಿದ ಮೊದಲ ಸಾಲು ಇದು: "ಕೇಂದ್ರ ಸರ್ಕಾರವು ಮಧ್ಯ ಕರ್ನಾಟಕದ ರೈತರಿಗೆ ಚುನಾವಣೆಯ ಹೊತ್ತಿನಲ್ಲಿ ಆಸೆ ತೋರಿಸಿ ಕೈಕೊಟ್ಟಿರುವುದು ನಿಜವೇ?"

"ಸರ್, ಇದು ಸಚಿವರ ಹತ್ರ ಹೋಗೋದೇ ಇಲ್ಲ. ಲೋಕಸಭಾ ಸಚಿವಾಲಯದಲ್ಲೇ ನಿಲ್ಲುತ್ತೆ."

"ಯಾಕೆ, ಸುಳ್ಳೇನಿದೆ ಇದ್ರಲ್ಲಿ?"

ಸುಳ್ಳು ನಿಜದ ಮಾತಲ್ಲ. ಲೋಕಸಭೆಯ ನಿಯಮಾವಳಿಯ 41ನೇ ನಿಯಮದ ಪ್ರಕಾರ ಪ್ರಶ್ನೆಯಲ್ಲಿ ವಾದ ಇರಬಾರದು, ತೀರ್ಮಾನ ಇರಬಾರದು, ವ್ಯಂಗ್ಯ, ಆರೋಪ, ವಿಶೇಷಣ ಯಾವುದೂ ಇರಬಾರದು. ಅಭಿಪ್ರಾಯ ಕೇಳುವಂತಿಲ್ಲ. ಕೇಂದ್ರ ಸರ್ಕಾರದ ಹೊಣೆಗೆ ಬಾರದ ವಿಷಯ ಎತ್ತುವಂತಿಲ್ಲ. ಈಗಾಗಲೇ ಉತ್ತರ ಸಿಕ್ಕಿರುವುದನ್ನು ಮತ್ತೆ ಕೇಳುವಂತಿಲ್ಲ. ಎಲ್ಲ ಸೇರಿ 150 ಪದ ಮೀರುವಂತಿಲ್ಲ. ಹೊಸಬರಿಗೆ ಇದು ವಿರೋಧ ಪಕ್ಷದ ಬಾಯಿಗೆ ಬೀಗ ಹಾಕುವ ನಿಯಮದ ಹಾಗೆ ಕಾಣುತ್ತದೆ. ನನಗೆ ಹಾಗನ್ನಿಸಲಿಲ್ಲ. ಬೈಗುಳಕ್ಕೆ ಸಚಿವರು ಬೈಗುಳದಲ್ಲೇ ಉತ್ತರ ಕೊಟ್ಟು ಕೂತುಬಿಡಬಹುದು. "ಎಷ್ಟು, ಯಾವ ದಿನ" ಎಂದು ಕೇಳಿದರೆ ಆ ದಾರಿ ಇಲ್ಲ.

ಆದರೂ ಇನ್ನೊಂದು ದಾರಿ ಇದೆ. ನೀರಾವರಿ ಯೋಜನೆಗಳ ಬಗ್ಗೆ ಜಲಶಕ್ತಿ ಸಚಿವಾಲಯ ಕೊಡುವ ಉತ್ತರಗಳನ್ನು ಓದಿದವರಿಗೆ ಗೊತ್ತು: ಎಷ್ಟೋ ಉತ್ತರಗಳು ಒಂದೇ ವಾಕ್ಯದಿಂದ ಶುರುವಾಗುತ್ತವೆ. ನೀರು ರಾಜ್ಯದ ವಿಷಯ, ಯೋಜನೆಗಳನ್ನು ರೂಪಿಸುವುದು, ಹಣ ಒದಗಿಸುವುದು, ಜಾರಿ ಮಾಡುವುದು, ನಿರ್ವಹಿಸುವುದು ಆಯಾ ರಾಜ್ಯ ಸರ್ಕಾರಗಳ ಕೆಲಸ. ಸಂವಿಧಾನದ ಪ್ರಕಾರ ತಪ್ಪಿಲ್ಲ, ಆದರೆ ಅರ್ಧ ಪ್ರಶ್ನೆ ಅಲ್ಲೇ ಮುಗಿದುಹೋಗುತ್ತದೆ. ಇದಕ್ಕೆ ನಾವು ಕಂಡುಕೊಂಡ ಉಪಾಯ, ಯೋಜನೆಯ ಬಗ್ಗೆ ಕೇಳದೆ ಬಜೆಟ್ ಭಾಷಣದ ಬಗ್ಗೆ ಕೇಳುವುದು. ನೀರು ರಾಜ್ಯದ ವಿಷಯ ಇರಬಹುದು, ಕೇಂದ್ರದ ಹಣಕಾಸು ಸಚಿವೆ ಸಂಸತ್ತಿನಲ್ಲಿ ಓದಿದ ವಾಕ್ಯ ರಾಜ್ಯದ ವಿಷಯವಾಗಲು ಹೇಗೆ ಸಾಧ್ಯ? ಆ ವಾಕ್ಯವನ್ನೇ ಗೂಟ ಮಾಡಿಕೊಂಡು ಮಿಕ್ಕದ್ದನ್ನು ಅದಕ್ಕೆ ಕಟ್ಟಿದೆವು. ಕೊನೆಗೆ ಕಳಿಸಿದ ಪ್ರಶ್ನೆಯ ಸಾರ ಕನ್ನಡದಲ್ಲಿ ಹೀಗಿತ್ತು:

(ಎ) 2023-24ರ ಬಜೆಟ್ ಭಾಷಣದಲ್ಲಿ ಭದ್ರಾ ಮೇಲ್ದಂಡೆ ಯೋಜನೆಗೆ ಪ್ರಕಟಿಸಿದ ₹5,300 ಕೋಟಿಯಲ್ಲಿ ಈವರೆಗೆ ಬಿಡುಗಡೆಯಾದ ಮೊತ್ತವೆಷ್ಟು, ವರ್ಷವಾರು. (ಬಿ) ಬಿಡುಗಡೆಯಾಗದಿದ್ದರೆ ಯಾವ ಅನುಮೋದನೆ, ಯಾರ ಮುಂದೆ, ಯಾವ ದಿನಾಂಕದಿಂದ ಬಾಕಿ ಇದೆ. (ಸಿ) ಕರ್ನಾಟಕ ಸರ್ಕಾರದಿಂದ ಬರಬೇಕಾದ ಮಾಹಿತಿ ಬಾಕಿ ಇದ್ದರೆ ಅದನ್ನು ಕೇಳಿ ಬರೆದ ಪತ್ರಗಳ ದಿನಾಂಕ. (ಡಿ) ಬಿಡುಗಡೆಗೆ ನಿಗದಿಪಡಿಸಿದ ಕಾಲಮಿತಿ.

ಇದರಲ್ಲಿ ನನಗೆ ಇಷ್ಟವಾದದ್ದು (ಸಿ). "ರಾಜ್ಯವೇ ದಾಖಲೆ ಕೊಟ್ಟಿಲ್ಲ" ಎನ್ನುವುದು ದೆಹಲಿಯ ಹಳೆಯ ಉತ್ತರ. ಕೊಟ್ಟಿಲ್ಲ ಅನ್ನುವುದಾದರೆ ಕೇಳಿದ್ದು ಯಾವಾಗ, ಪತ್ರ ತೋರಿಸಿ. ಆದರೆ ಈ ಭಾಗವನ್ನು ಸುಮ್ಮನೆ ಸೇರಿಸುವ ಹಾಗಿಲ್ಲ. ನಮ್ಮದೇ ಪಕ್ಷ ಬೆಂಗಳೂರಿನಲ್ಲಿ ಅಧಿಕಾರದಲ್ಲಿದೆ, ಅಲ್ಲಿ ನಿಜವಾಗಿಯೂ ಯಾವುದೋ ಕಡತ ಕೊಳೆಯುತ್ತಿದ್ದರೆ ನಮ್ಮ ಪ್ರಶ್ನೆ ನಮಗೇ ತಿರುಗಿ ಬೀಳುತ್ತದೆ. ಹಾಗಾಗಿ ನೋಟಿಸ್ ಕಳಿಸುವ ಮೊದಲು ಯೋಜನೆ ಜಾರಿ ಮಾಡುವ ವಿಶ್ವೇಶ್ವರಯ್ಯ ಜಲ ನಿಗಮಕ್ಕೆ, ನೀರಾವರಿ ಇಲಾಖೆಗೆ ಫೋನು ಮಾಡಿ, ಹೋಗಿರುವ ಪತ್ರಗಳ ಪ್ರತಿ ತರಿಸಿಕೊಂಡೆ. ಈ ತಯಾರಿಗೆ ಹಿಡಿದ ಸಮಯ ಪ್ರಶ್ನೆ ಬರೆಯಲು ಹಿಡಿದದ್ದಕ್ಕಿಂತ ಬಹಳ ಹೆಚ್ಚು. ಇಷ್ಟು ಮಾಡದೆ ಕೇಳುವವರು ಬೇಕಾದಷ್ಟು ಜನ ಇದ್ದಾರೆ, ಎಲ್ಲ ಪಕ್ಷದಲ್ಲೂ.

ಇನ್ನು ಲಾಟರಿ. ಲಾಟರಿ ಅಂದರೆ ಲಾಟರಿಯೇ. ಒಂದು ದಿನಕ್ಕೆ ಸಂಸದರೊಬ್ಬರು ಐದು ನೋಟಿಸ್ ಕೊಡಬಹುದು. ಹದಿನೈದು ಪೂರ್ಣ ದಿನ ಮುಂಚಿತವಾಗಿ ಕೊಡಬೇಕು. ಬಂದ ನೋಟಿಸುಗಳನ್ನು ಚೀಟಿ ಎತ್ತುವ ಹಾಗೆ ಎತ್ತಿ ಕ್ರಮಸಂಖ್ಯೆ ಹಾಕುತ್ತಾರೆ. ದಿನಕ್ಕೆ ಚುಕ್ಕೆ ಗುರುತಿನವು 20, ಚುಕ್ಕೆ ಗುರುತಿಲ್ಲದವು 230. ಚುಕ್ಕೆ ಗುರುತು ಇದ್ದರೆ ಸಚಿವರು ಎದ್ದು ನಿಂತು ಉತ್ತರಿಸಬೇಕು, ನಾವು ಉಪಪ್ರಶ್ನೆ ಕೇಳಬಹುದು. ಇಲ್ಲದಿದ್ದರೆ ಬರಹದ ಉತ್ತರ ಮೇಜಿನ ಮೇಲೆ ಬಂದು ಬೀಳುತ್ತದೆ, ಅಷ್ಟೇ. ಹೊರಗಿನವರಿಗೆ ಗೊತ್ತಿಲ್ಲದ ಒಂದು ರೂಢಿ ಇದೆ: ಮುಖ್ಯ ಅನಿಸಿದ ಪ್ರಶ್ನೆಯನ್ನು ಒಂದೇ ಪಕ್ಷದ ನಾಲ್ಕಾರು ಸಂಸದರ ಕಚೇರಿಗಳು ಹಂಚಿಕೊಂಡು ಎಲ್ಲರ ಹೆಸರಲ್ಲೂ ಹಾಕುತ್ತವೆ. ಯಾರದಾದರೂ ಒಂದು ಎದ್ದರೆ ಸಾಕು. ಒಂದೇ ಧಾಟಿಯವನ್ನು ಲೋಕಸಭಾ ಸಚಿವಾಲಯ ಒಟ್ಟುಗೂಡಿಸಿ ಹೆಸರುಗಳನ್ನೆಲ್ಲ ಒಂದರ ಕೆಳಗೊಂದು ಅಚ್ಚು ಹಾಕುತ್ತದೆ. ಆಡಳಿತ ಪಕ್ಷದವರೂ ಇದನ್ನು ಮಾಡುತ್ತಾರೆ, ಅವರದು ಸಾಮಾನ್ಯವಾಗಿ "ಸರ್ಕಾರ ಕೈಗೊಂಡ ಕ್ರಮಗಳ ವಿವರ" ಕೇಳುವ ಪ್ರಶ್ನೆ.

ಹದಿನೈದು ದಿನದ ಈ ಅಂತರ ನನ್ನ ಓದುವ ರೀತಿಯನ್ನೇ ಬದಲಾಯಿಸಿತು. ಇವತ್ತಿನ ಪತ್ರಿಕೆಯ ತಲೆಬರಹ ನೋಡಿ ಪ್ರಶ್ನೆ ಬರೆದರೆ ಉತ್ತರ ಬರುವ ಹೊತ್ತಿಗೆ ವಿಷಯ ತಣ್ಣಗಾಗಿರುತ್ತದೆ. ಹಣದ ವಿಷಯ ಹಾಗಲ್ಲ. ಬಜೆಟ್ ಅಂದಾಜು, ಪರಿಷ್ಕೃತ ಅಂದಾಜು, ನಿಜವಾದ ಖರ್ಚು, ಈ ಮೂರರ ನಡುವಿನ ವ್ಯತ್ಯಾಸ ಹದಿನೈದು ದಿನದಲ್ಲಿ ಎಲ್ಲಿಗೂ ಓಡಿಹೋಗುವುದಿಲ್ಲ.

ನೋಟಿಸ್ ಹಾಕುವುದು ಈಗ ಆನ್‌ಲೈನ್. ಸಂಸದರ ಪೋರ್ಟಲ್ ಲಾಗಿನ್ ಹಂಚಿಕೊಂಡ ವಿಚಾರವಾಗಿ ಮಹುವಾ ಮೊಯಿತ್ರಾ ಅವರನ್ನು 2023ರ ಡಿಸೆಂಬರ್ 8ರಂದು ಲೋಕಸಭೆಯಿಂದ ಉಚ್ಚಾಟಿಸಿದ ಮೇಲೆ ನನ್ನಂಥ ಸಹಾಯಕರು ಪಾಸ್‌ವರ್ಡ್ ಎಂಬ ಪದ ಕೇಳಿದರೇ ಎರಡು ಹೆಜ್ಜೆ ಹಿಂದೆ ಸರಿಯುತ್ತೇವೆ. ಮತದಾರರು ಅವರನ್ನು 2024ರಲ್ಲಿ ಮತ್ತೆ ಗೆಲ್ಲಿಸಿ ಕಳಿಸಿದರು, ಆ ಮಾತು ಬೇರೆ. ನಮ್ಮಲ್ಲಿ ಸಾಹೇಬ್ರೇ ಕನ್ನಡಕ ಹಾಕಿಕೊಂಡು, ಒಂದೊಂದೇ ಅಕ್ಷರ ಹುಡುಕಿ ಒತ್ತಿ ಲಾಗಿನ್ ಆಗುತ್ತಿದ್ದರು. ಅಷ್ಟು ಹೊತ್ತು ನಾನು ಬಾಗಿಲ ಬಳಿ ನಿಂತಿರುತ್ತಿದ್ದೆ.

ಭದ್ರಾ ಪ್ರಶ್ನೆ ಚುಕ್ಕೆ ಗುರುತಿನಲ್ಲೇ ಎದ್ದಿತು, ಅದೂ ಪಟ್ಟಿಯ ಮೇಲ್ಭಾಗದಲ್ಲಿ. ಇಪ್ಪತ್ತು ಪ್ರಶ್ನೆಗಳಲ್ಲಿ ಒಂದು ಗಂಟೆಯೊಳಗೆ ಐದಾರಕ್ಕಷ್ಟೇ ಬಾಯಿಮಾತಿನ ಉತ್ತರ ಸಿಗುವುದರಿಂದ ಮೇಲಿನ ಕ್ರಮಸಂಖ್ಯೆ ಅಂದರೆ ಹಬ್ಬ. ಹಿಂದಿನ ರಾತ್ರಿ ಉಪಪ್ರಶ್ನೆಯ ತಾಲೀಮು. ಪ್ರಶ್ನೆ ಕೇಳಿದ ಸದಸ್ಯರಿಗೆ ಎರಡು ಉಪಪ್ರಶ್ನೆಗಳ ಅವಕಾಶ. ಸಾಹೇಬ್ರು ಚಳ್ಳಕೆರೆಯ ಬರದಿಂದ ಶುರು ಮಾಡಿ, ಹಿರಿಯೂರಿನ ವಾಣಿವಿಲಾಸ ಸಾಗರಕ್ಕೆ ಬಂದು, ಮೈಸೂರು ಮಹಾರಾಜರ ಕಾಲಕ್ಕೆ ಹೋಗುತ್ತಿದ್ದರು.

"ಸರ್, ಅಷ್ಟೊತ್ತಿಗೆ ಸ್ಪೀಕರ್ ಮೈಕ್ ಮುಂದಿನವರಿಗೆ ಕೊಟ್ಟಿರ್ತಾರೆ."

"ಹಿನ್ನೆಲೆ ಹೇಳ್ದೆ ಕೇಳಿದ್ರೆ ಉತ್ತರ ಭಾರತದೋರಿಗೆ ಅರ್ಥ ಆಗುತ್ತೇನಯ್ಯಾ?"

"ಅರ್ಥ ಆಗ್ಬೇಕಾಗಿರೋದು ಮಂತ್ರಿಗಳಿಗೆ ಸರ್. ಅವ್ರಿಗೆ ಆಗಿದೆ."

ನಕ್ಕರು. ಕನ್ನಡದಲ್ಲೇ ಕೇಳಲಾ ಎಂದರು. ಶಿವಮೊಗ್ಗದಿಂದ ಗೆದ್ದು ಹೋಗಿದ್ದ ಸಮಾಜವಾದಿ ಜೆ.ಎಚ್. ಪಟೇಲರು 1967ರಲ್ಲಿ ಲೋಕಸಭೆಯಲ್ಲಿ ಮೊದಲ ಬಾರಿ ಕನ್ನಡದಲ್ಲಿ ಮಾತನಾಡಿದ ಮೇಲೆ ನಮ್ಮವರಿಗೆಲ್ಲ ಆ ಆಸೆ ಇದ್ದೇ ಇದೆ. ಭಾಷಾಂತರದ ಏರ್ಪಾಟೂ ಇದೆ. ಚರ್ಚೆಯಲ್ಲಿ ಖಂಡಿತ ಕನ್ನಡದಲ್ಲಿ ಮಾತಾಡಿ, ಉಪಪ್ರಶ್ನೆಗೆ ಮಾತ್ರ ಬೇಡ ಎಂದೆ. ಇಯರ್‌ಫೋನ್ ಹುಡುಕುವ ನೆಪದಲ್ಲಿ ಸಚಿವರಿಗೆ ಯೋಚಿಸಲು ಬಿಡುವು ಸಿಗಬಾರದು ಅನ್ನುವುದು ನನ್ನ ಲೆಕ್ಕ. ಇದನ್ನು ಒಪ್ಪದ ಕನ್ನಡಿಗರು ಇರಬಹುದು, ಇರಲಿ. ಕೊನೆಗೆ ಒಂದು ಚೀಟಿಯಲ್ಲಿ ಎರಡೇ ಸಾಲು ಬರೆದುಕೊಟ್ಟೆ. ಮೊದಲನೆಯದು, ಬಜೆಟ್ ಭಾಷಣ ಓದುವ ದಿನ ಯಾವ ಅನುಮೋದನೆ ಬಾಕಿ ಇತ್ತೋ ಅದು ಅಂದು ಸರ್ಕಾರಕ್ಕೆ ಗೊತ್ತಿತ್ತೇ? ಎರಡನೆಯದು, ಮುಂದಿನ ಮಾರ್ಚ್ 31ರೊಳಗೆ ಒಂದು ಕಂತಾದರೂ ಬಿಡುಗಡೆಯಾಗುತ್ತದೆಯೇ, ಹೌದೋ ಇಲ್ಲವೋ?

ಸದನ ಸೇರುವ ಮೊದಲು ಉತ್ತರದ ಪ್ರತಿ ಕೈಗೆ ಬಂತು. ಮೇಲೆ ಹೇಳಿದ ಧಾಟಿಯದೇ. ಅದರಲ್ಲಿ ಇನ್ನೊಂದು ಹಳೆಯ ಜಾಣತನವೂ ಇತ್ತು: ನಾಲ್ಕು ಭಾಗಕ್ಕೆ ನಾಲ್ಕು ಉತ್ತರ ಇರುವುದಿಲ್ಲ, "(ಎ)ಯಿಂದ (ಡಿ)ವರೆಗೆ" ಎಂದು ತಲೆಬರಹ ಹಾಕಿ ಒಂದೇ ಉದ್ದದ ಒಕ್ಕಣೆ. ಯೋಜನೆಯ ಇತಿಹಾಸ, ಸಮಿತಿಗಳ ಹೆಸರು, ಮಾರ್ಗಸೂಚಿ ಎಲ್ಲ ಹೇಳುತ್ತಾ ಹೋದಂತೆ, ಕೇಳಿದ ಯಾವ ಭಾಗಕ್ಕೆ ಉತ್ತರ ಸಿಗಲಿಲ್ಲ ಎನ್ನುವುದೇ ಓದುವವರಿಗೆ ಮರೆತುಹೋಗುತ್ತದೆ. ನಾನು ಪೆನ್ಸಿಲ್ ಹಿಡಿದು ಎ, ಬಿ, ಸಿ, ಡಿ ಎಂದು ಅಂಚಿನಲ್ಲಿ ಗುರುತು ಹಾಕುತ್ತಾ ಓದುತ್ತೇನೆ. ಸಿ ಎಂದು ಬರೆಯಲು ಅಂದು ಜಾಗವೇ ಸಿಗಲಿಲ್ಲ. ಚೀಟಿಗೆ ಮೂರನೆಯ ಸಾಲು ಸೇರಿಸಿ ಸಾಹೇಬ್ರ ಜೇಬಿಗಿಟ್ಟೆ.

11 ಗಂಟೆಗೆ ಸದನ ಸೇರಿತು. ಕೆಲವೇ ನಿಮಿಷಕ್ಕೆ ಗದ್ದಲ, 12ಕ್ಕೆ ಮುಂದೂಡಿಕೆ. ಗದ್ದಲ ಮಾಡಿದ್ದು ನಮ್ಮದೇ ಪಕ್ಷ, ಬೇರೊಂದು ವಿಷಯಕ್ಕೆ. ಪಕ್ಷದ ತೀರ್ಮಾನ ಅಂದಮೇಲೆ ಸಾಹೇಬ್ರೂ ಎದ್ದು ಬಾವಿಗೆ ಹೋಗಲೇಬೇಕು, ಜೇಬಿನಲ್ಲಿ ಚೀಟಿ ಇಟ್ಟುಕೊಂಡೇ ಹೋದರು. ಪ್ರಶ್ನೋತ್ತರ ವೇಳೆ ಕೊಚ್ಚಿಹೋದರೆ ಚುಕ್ಕೆ ಗುರುತಿನ ಪ್ರಶ್ನೆಗೂ ಬರಹದ ಉತ್ತರವೇ ಗತಿ. 2025ರ ಮಳೆಗಾಲದ ಅಧಿವೇಶನದಲ್ಲಿ ಲೋಕಸಭೆಯ ಪಟ್ಟಿಗೆ ಬಂದ 419 ಚುಕ್ಕೆ ಗುರುತಿನ ಪ್ರಶ್ನೆಗಳಲ್ಲಿ ಬಾಯಿಮಾತಿನ ಉತ್ತರ ಸಿಕ್ಕಿದ್ದು 55ಕ್ಕೆ. ಚರ್ಚೆಗೆ ಅವಕಾಶ ಕೊಡದ ಸರ್ಕಾರದ ಹಟವೂ ಇದಕ್ಕೆ ಕಾರಣ, ಒಪ್ಪುತ್ತೇನೆ. ಆದರೆ ಸಚಿವರನ್ನು ನಿಲ್ಲಿಸಿ ಕೇಳುವ ಆ ಒಂದು ಗಂಟೆ ಹೋದರೆ ನಷ್ಟ ಯಾರಿಗೆ? ಸಚಿವರಂತೂ ಅಂದು ನಿರಾಳವಾಗಿ ಊಟಕ್ಕೆ ಹೋಗಿರುತ್ತಾರೆ. ಈ ಮಾತನ್ನು ಕಚೇರಿಯಲ್ಲಿ ಗಟ್ಟಿಯಾಗಿ ಹೇಳಿ ಬೈಸಿಕೊಂಡಿದ್ದೂ ಇದೆ.

ಉಳಿದ ದಾರಿಗಳನ್ನು ಹಿಡಿದೆವು. 377ನೇ ನಿಯಮದಡಿ ವಿಷಯ ಪ್ರಸ್ತಾಪಿಸಲು ನೋಟಿಸ್ ಹೋಯಿತು, ಸಚಿವರಿಗೆ ಪತ್ರ ಹೋಯಿತು. ಉತ್ತರದಲ್ಲಿ "ಪರಿಶೀಲನೆಯಲ್ಲಿದೆ", "ಮಾಹಿತಿ ಸಂಗ್ರಹಿಸಿ ಸದನದಲ್ಲಿ ಮಂಡಿಸಲಾಗುವುದು" ಎಂಬಂಥ ಮಾತು ಸಿಕ್ಕರೆ ಬಿಡಬಾರದು. ಅದು ಭರವಸೆ ಎಂದು ದಾಖಲಾಗುವ ಸಾಧ್ಯತೆ ಇದೆ. ಹಾಗೆ ದಾಖಲಾದರೆ ಮೂರು ತಿಂಗಳಲ್ಲಿ ಈಡೇರಿಸಬೇಕು, ಇಲ್ಲದಿದ್ದರೆ ಸರ್ಕಾರಿ ಭರವಸೆಗಳ ಸಮಿತಿ ಇಲಾಖೆಯನ್ನು ಕರೆದು ಕೇಳಬಹುದು. ಟಿವಿಯಲ್ಲಿ ಬಾರದ, ಯಾರೂ ಮಾತಾಡದ ಸಮಿತಿ ಅದು. ಅಧಿಕಾರಿಗಳು ಮಾತ್ರ ಅದಕ್ಕೆ ಬೆಲೆ ಕೊಡುತ್ತಾರೆ.

ಸಂಸತ್ತಿನ ಉತ್ತರವನ್ನು ಕನ್ನಡಕ್ಕೆ ಇಳಿಸಿ ಊರಿಗೆ ಕಳಿಸುವುದು ನಾನೇ ಶುರು ಮಾಡಿಕೊಂಡ ಪದ್ಧತಿ. ಈ ಉತ್ತರವನ್ನೂ ಹಾಗೇ ಹೊಸದುರ್ಗ, ಚಳ್ಳಕೆರೆ ಕಡೆಯ ರೈತ ಮುಖಂಡರಿಗೆ ವಾಟ್ಸಾಪ್ ಮಾಡಿದ್ದೆ. ರಾತ್ರಿ ಒಬ್ಬರು ಫೋನು ಮಾಡಿದರು.

"ಎಲ್ಲಾ ಓದ್ದೆ ಸ್ವಾಮಿ. ದುಡ್ಡು ಎಷ್ಟ್ ಬಂತು ಅನ್ನೋದು ಯಾವ ಸಾಲ್ನಾಗೈತೆ?"

"ಇಲ್ಲ ಅಣ್ಣಾ, ಅದೊಂದನ್ನ ಬರೆದಿಲ್ಲ."

"ಮತ್ತೆ ಅದೊಂದನ್ನೇ ಕೇಳ್ರಿ. ನಾಕು ಕೇಳಿದ್ರೆ ಅವ್ರಿಗೆ ಬೇಕಾದ್ದು ಹೇಳ್ತಾರೆ."

ಉತ್ತರ ಸಿಕ್ಕ ಪ್ರಶ್ನೆಯನ್ನು ಮತ್ತೆ ಕೇಳುವಂತಿಲ್ಲ ಎಂಬ ನಿಯಮ ಇದ್ದರೂ, ಇಂಥ ಸಂಖ್ಯೆಯ ಪ್ರಶ್ನೆಗೆ ಇಂಥ ದಿನ ಕೊಟ್ಟ ಉತ್ತರವನ್ನು ಉಲ್ಲೇಖಿಸಿ, ಅದರ ಮುಂದುವರಿಕೆಯಾಗಿ ಕೇಳಲು ಅಡ್ಡಿಯಿಲ್ಲ. ಮುಂದಿನ ಅಧಿವೇಶನಕ್ಕೆ ಹಾಕಿದ ನೋಟಿಸಿನಲ್ಲಿ ಬಿ, ಸಿ, ಡಿ ಇರಲಿಲ್ಲ. ಹಿಂದಿನ ಉತ್ತರದ ಸಂಖ್ಯೆ, ದಿನಾಂಕ, ಅದರ ಕೆಳಗೆ ಒಂದೇ ಸಾಲು: ಆ ದಿನಾಂಕದಿಂದ ಈವರೆಗೆ ಬಿಡುಗಡೆಯಾದ ಮೊತ್ತ, ರೂಪಾಯಿಗಳಲ್ಲಿ.