72 ತಾಸಿನೊಳಗೆ: ತುರ್ತು ಗರ್ಭನಿರೋಧಕ ಗುಳಿಗೆಯನ್ನು ಗುಟ್ಟಾಗಿ ಪಡೆಯುವುದು ಹೇಗೆ

ಕಾಂಡೋಮ್ ಹರಿದಿದೆ, ಅಥವಾ ಏನನ್ನೂ ಬಳಸಿಲ್ಲ. ಇಲ್ಲಿಂದ ಮುಂದಿನ ಲೆಕ್ಕವೆಲ್ಲ ತಾಸಿನದು. ವಿಶ್ವ ಆರೋಗ್ಯ ಸಂಸ್ಥೆಯ 1998ರ ಅಧ್ಯಯನದ ಪ್ರಕಾರ, ಐ-ಪಿಲ್, ಅನ್‌ವಾಂಟೆಡ್-72 ಹೆಸರಿನಲ್ಲಿ ಸಿಗುವ ಲೆವೊನಾರ್ಜೆಸ್ಟ್ರೆಲ್ ಗುಳಿಗೆ 24 ತಾಸಿನೊಳಗೆ ನುಂಗಿದರೆ ನಿಲ್ಲಬಹುದಾಗಿದ್ದ 100 ಗರ್ಭಗಳಲ್ಲಿ 95ನ್ನು ತಡೆಯಿತು. ಎರಡನೆಯ ದಿನ ನುಂಗಿದಾಗ ಅದು 85ಕ್ಕೆ ಇಳಿಯಿತು, ಮೂರನೆಯ ದಿನ 58ಕ್ಕೆ. ಕಾರಣ ಸರಳ: ಈ ಗುಳಿಗೆ ಅಂಡ ಹೊರಬೀಳುವುದನ್ನು ಮುಂದೂಡುತ್ತದೆ, ಅಷ್ಟೇ. ಅಂಡ ಆಗಲೇ ಹೊರಬಿದ್ದಿದ್ದರೆ ಮಾಡಲು ಅದಕ್ಕೆ ಕೆಲಸವಿಲ್ಲ. ಹೆದರಿ, ನಾಚಿ ಒಂದು ರಾತ್ರಿ ಕಳೆಯಬೇಡಿ.

ಎಲ್ಲಕ್ಕಿಂತ ಬೇಗ ಸಿಗುವ ಜಾಗ ಔಷಧ ಅಂಗಡಿ. ಭಾರತದಲ್ಲಿ 2005ರಿಂದ ಇದಕ್ಕೆ ವೈದ್ಯರ ಚೀಟಿ ಬೇಕಿಲ್ಲ. ಹೆಸರು ಹೇಳಬೇಕಿಲ್ಲ, ಮದುವೆಯಾಗಿದೆಯೇ ಎಂಬುದಕ್ಕೆ ಉತ್ತರ ಕೊಡಬೇಕಿಲ್ಲ. ಹುಡುಗನೂ ಹೋಗಿ ತರಬಹುದು, ತರಲೂಬೇಕು. ಈ ಓಡಾಟ ಹುಡುಗಿಯೊಬ್ಬಳ ತಲೆಮೇಲೆ ಬೀಳುವುದು ನ್ಯಾಯವಲ್ಲ. ಕೌಂಟರಿನಲ್ಲಿ "ಒಂದು ಐ-ಪಿಲ್ ಕೊಡ್ರಿ" ಅಥವಾ "ಅನ್‌ವಾಂಟೆಡ್-72 ಐತೇನ್ರಿ" ಅಂದರೆ ಸಾಕು. ಬಾಯಿಬಿಟ್ಟು ಹೇಳಲು ಆಗದಿದ್ದರೆ ಹೆಸರನ್ನು ಫೋನಿನಲ್ಲಿ ಬರೆದು ತೋರಿಸಿ. ಬೆಲೆ ನೂರು ರೂಪಾಯಿ ಆಚೀಚೆ.

ನಿಮ್ಮ ಓಣಿಯ ಮೆಡಿಕಲ್‌ನವರು ಅಪ್ಪನಿಗೆ ಪರಿಚಯವಿದ್ದರೆ ಬೇರೆ ಕಡೆ ಹೋಗಿ. ಧಾರವಾಡದ ಹಾಸ್ಟೆಲಿನವರು ಹುಬ್ಬಳ್ಳಿಯ ವಿದ್ಯಾನಗರಕ್ಕೆ ಬಂದು, ಹುಬ್ಬಳ್ಳಿಯವರು ಧಾರವಾಡದ ಜುಬಿಲಿ ಸರ್ಕಲ್ ಕಡೆ ಹೋಗಿ ಕೊಳ್ಳಬಹುದು. ದೊಡ್ಡ ಆಸ್ಪತ್ರೆಗಳ ಎದುರಿನ ಅಂಗಡಿಗಳು ಅನುಕೂಲ, ಅಲ್ಲಿ ಗಿರಾಕಿಗಳು ಯಾರಿಗೆ ಯಾರೂ ಗೊತ್ತಿರುವುದಿಲ್ಲ. ನಗದು ಕೊಡಿ: ಮನೆಯವರ ಖಾತೆಯಿಂದ ಫೋನ್‌ಪೇ ಮಾಡಿದರೆ ಅಂಗಡಿಯ ಹೆಸರು ಅವರ ಮೊಬೈಲಿಗೆ ಹೋಗುತ್ತದೆ. ಆನ್‌ಲೈನ್ ಪಾರ್ಸೆಲ್ ಅಂತೂ ಬೇಡ. ಬರುವುದು ತಡ, ಬಾಗಿಲು ತೆಗೆಯುವವರು ಯಾರೋ.

ಆಶಾ ಕಾರ್ಯಕರ್ತೆಯರ ಬಳಿಯೂ ಇದೇ ಔಷಧದ ಸರ್ಕಾರಿ ಗುಳಿಗೆ, ಈಜಿ ಪಿಲ್, ಇರುತ್ತದೆ. ಗದಗ, ಹಾವೇರಿಯ ಹಳ್ಳಿಗಳಲ್ಲಿ ಆಶಾ ಅಕ್ಕ ಹೆಚ್ಚಾಗಿ ಪಕ್ಕದ ಮನೆಯವರೇ. ಅವರ ಮೇಲೆ ನಂಬಿಕೆ ಇದ್ದರೆ ಕೇಳಿ, ಅನುಮಾನವಿದ್ದರೆ ಬಸ್ ಹತ್ತಿ. ಸಾರಿಗೆ ಸಂಸ್ಥೆಯ ಸಾದಾ ಬಸ್ಸಿನಲ್ಲಿ ಶಕ್ತಿ ಯೋಜನೆಯಿಂದ ಹುಡುಗಿಯರಿಗೆ ಚಾರ್ಜೂ ಇಲ್ಲ.

ಡಬ್ಬಿ ಕೈಗೆ ಬಂದಾಗ ಎರಡು ಸಂಗತಿ ನೋಡಿ. ಮೊದಲನೆಯದು, ಅವಧಿ ಮುಗಿದಿಲ್ಲ ತಾನೆ. ಎರಡನೆಯದು, ಒಳಗೆ ಲೆವೊನಾರ್ಜೆಸ್ಟ್ರೆಲ್ 1.5 ಮಿಲಿಗ್ರಾಂನ ಒಂದೇ ಗುಳಿಗೆ ಇದೆಯೇ. ಇಲ್ಲಿಯೇ ದೊಡ್ಡ ತಪ್ಪು ಆಗುವುದು: 'ಅನ್‌ವಾಂಟೆಡ್ ಕಿಟ್' ಎಂದು ಕೇಳಿದರೆ ಸಿಗುವುದು ಬೇರೆಯೇ ಔಷಧ. ಅದರಲ್ಲಿರುವ ಮಿಫೆಪ್ರಿಸ್ಟೋನ್, ಮಿಸೊಪ್ರೊಸ್ಟಾಲ್ ಗರ್ಭಪಾತಕ್ಕೆ, ವೈದ್ಯರ ಕೈಯಲ್ಲಿ ಮಾತ್ರ. ತಿಳಿಯದೆ ನುಂಗಿದರೆ ವಿಪರೀತ ರಕ್ತಸ್ರಾವ ಆಗಬಹುದು. ಐದು ಗುಳಿಗೆಗಳ ಪಟ್ಟಿ ಕಂಡರೆ ವಾಪಸ್ ಕೊಡಿ.

ಗುಳಿಗೆಯನ್ನು ನೀರಿನ ಜೊತೆ ನುಂಗಿ. ಹೊಟ್ಟೆಯಲ್ಲಿ ಏನಾದರೂ ಇದ್ದರೆ ವಾಕರಿಕೆ ಕಡಿಮೆ. ಎರಡು ತಾಸಿನೊಳಗೆ ವಾಂತಿಯಾದರೆ ಇನ್ನೊಂದು ನುಂಗಬೇಕು. ಟಿಬಿಗೆ ರಿಫಾಂಪಿಸಿನ್, ಫಿಟ್ಸ್‌ಗೆ ಫೆನಿಟಾಯಿನ್ ಅಥವಾ ಕಾರ್ಬಮಜೆಪೈನ್ ತೆಗೆದುಕೊಳ್ಳುವವರಿಗೆ ಒಂದು ಗುಳಿಗೆ ಸಾಲದು, ಅವು ಇದರ ಶಕ್ತಿ ತಗ್ಗಿಸುತ್ತವೆ. ತೂಕ 70 ಕೆ.ಜಿ. ದಾಟಿದವರಲ್ಲೂ ಪರಿಣಾಮ ಕಡಿಮೆಯಾಗಬಹುದು. ಇಂಥವರಿಗೂ, 72 ತಾಸು ಮೀರಿದವರಿಗೂ ಉತ್ತಮ ದಾರಿ ಕಾಪರ್-ಟಿ, ಅಂದರೆ ಗರ್ಭಕೋಶದೊಳಗೆ ಇಡುವ ತಾಮ್ರದ ಸಣ್ಣ ಸಾಧನ: ಐದು ದಿನದೊಳಗೆ ಹಾಕಿಸಿಕೊಂಡರೆ 100ರಲ್ಲಿ 99ಕ್ಕೂ ಹೆಚ್ಚು ಭರವಸೆ. ಹುಬ್ಬಳ್ಳಿಯ ಕಿಮ್ಸ್ (ಈಗಿನ ಹೆಸರು ಕೆಎಂಸಿಆರ್‌ಐ), ಧಾರವಾಡ ಮತ್ತು ಹಾವೇರಿಯ ಜಿಲ್ಲಾ ಆಸ್ಪತ್ರೆ, ಗದಗದ ಜಿಮ್ಸ್‌ನ ಸ್ತ್ರೀರೋಗ ವಿಭಾಗದಲ್ಲಿ ಕೇಳಿ. ಸರ್ಕಾರಿ ಆಸ್ಪತ್ರೆಯಲ್ಲಿ ಇದು ಉಚಿತ.

ಆಸ್ಪತ್ರೆಯಲ್ಲಿ ಓಪಿಡಿ ಚೀಟಿಗೆ ನಿಮ್ಮದೇ ಮೊಬೈಲ್ ನಂಬರ್ ಕೊಡಿ. ಒಳಗೆ ಹೋದಮೇಲೆ "ಡಾಕ್ಟರ್, ನಿಮ್ಮ ಜೊತಿ ಒಬ್ಬಾಕಿನ ಮಾತಾಡಬೇಕ್ರಿ" ಅನ್ನಿ. ರೋಗಿಯ ಗುಟ್ಟು ಕಾಯುವುದು ವೈದ್ಯರ ವೃತ್ತಿನಿಯಮ. 18 ತುಂಬಿದ್ದರೆ ತಂದೆತಾಯಿಯ ಒಪ್ಪಿಗೆ ಬೇಕಿಲ್ಲ. 10ರಿಂದ 19 ವಯಸ್ಸಿನವರಿಗೆಂದು ಸ್ನೇಹ ಕ್ಲಿನಿಕ್‌ಗಳಿವೆ, ಅಲ್ಲಿಯ ಆಪ್ತಸಮಾಲೋಚಕರ ಹತ್ತಿರ ಮುಟ್ಟು, ಗರ್ಭ, ಭಯ ಯಾವುದನ್ನೂ ಕೇಳಬಹುದು.

18ರೊಳಗಿನವರು ಇದೊಂದನ್ನು ತಿಳಿದಿರಬೇಕು. ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ಕಾಪಾಡುವ 2012ರ ಪೋಕ್ಸೊ ಕಾಯ್ದೆಯ ಪ್ರಕಾರ, 18ರೊಳಗಿನವರ ಜೊತೆ ಲೈಂಗಿಕ ಸಂಪರ್ಕ ಇಬ್ಬರ ಒಪ್ಪಿಗೆಯಿದ್ದರೂ ಅಪರಾಧವೇ. ವೈದ್ಯರ ಗಮನಕ್ಕೆ ಬಂದರೆ ಪೊಲೀಸರಿಗೆ ತಿಳಿಸುವುದು ಅವರಿಗೆ ಕಡ್ಡಾಯ. ಗರ್ಭಪಾತದ ವಿಷಯದಲ್ಲಿ ಮಾತ್ರ, ಹುಡುಗಿ ಮತ್ತು ಪೋಷಕರು ಕೋರಿದರೆ ವರದಿಯಲ್ಲಿ ಹೆಸರು ಹೇಳಬೇಕಿಲ್ಲ ಎಂದು 2022ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ.

ಬಲವಂತ ನಡೆದಿದ್ದರೆ ದಾರಿಯೇ ಬೇರೆ. ನಡೆಸಿದವರು ಮನೆಯವರೇ ಆಗಿದ್ದರೂ ನೇರ ಆಸ್ಪತ್ರೆಗೆ ಹೋಗಿ. ಸರ್ಕಾರಿ ಇರಲಿ ಖಾಸಗಿ ಇರಲಿ, ಕೂಡಲೇ ಉಚಿತ ಚಿಕಿತ್ಸೆ ಕೊಡಬೇಕು; ಎಫ್‌ಐಆರ್ ತನ್ನಿ ಎಂದು ಕಾಯಿಸುವಂತಿಲ್ಲ. ಎಚ್‌ಐವಿ ತಡೆಯುವ ಔಷಧವೂ 72 ತಾಸಿನೊಳಗೇ ಶುರುವಾಗಬೇಕು, ಅದನ್ನು ನೀವೇ ನೆನಪಿಸಿ ಕೇಳಿ. ಮಕ್ಕಳಿಗೆ 1098, ಹೆಣ್ಣುಮಕ್ಕಳಿಗೆ 181, ತುರ್ತಿಗೆ 112.

ಗುಳಿಗೆಯ ನಂತರ ಮುಟ್ಟು ಒಂದು ವಾರ ಹಿಂದುಮುಂದಾಗಬಹುದು, ನಡುವೆ ಸ್ವಲ್ಪ ರಕ್ತ ಕಾಣಬಹುದು. ಇದರಿಂದ ಮುಂದೆ ಮಕ್ಕಳಾಗುವುದಿಲ್ಲ ಎಂಬುದು ಸುಳ್ಳು. ಪಪ್ಪಾಯಿ, ಎಳ್ಳು ತಿಂದು ಕಾಯುವುದು ಅಪಾಯ, ಇರುವ ಸಮಯವನ್ನೂ ಅದು ತಿಂದುಹಾಕುತ್ತದೆ. ಮುಟ್ಟು ಏಳು ದಿನಕ್ಕಿಂತ ತಡವಾದರೆ, ಅಥವಾ ಗುಳಿಗೆ ನುಂಗಿ ಮೂರು ವಾರವಾದರೂ ಬರದಿದ್ದರೆ, ಬೆಳಗಿನ ಮೊದಲ ಮೂತ್ರದಲ್ಲಿ ಗರ್ಭ ಪರೀಕ್ಷೆಯ ಕಿಟ್‌ನಿಂದ ಪರೀಕ್ಷೆ ಮಾಡಿ. ಎರಡು ಗೆರೆ ಬಂದರೆ ಗರ್ಭ ನಿಂತಿದೆ ಎಂದರ್ಥ, ಅದೇ ವಾರ ಸ್ತ್ರೀರೋಗ ತಜ್ಞರನ್ನು ಕಾಣಿ. ಕೆಳಹೊಟ್ಟೆಯ ಒಂದು ಬದಿಯಲ್ಲಿ ತೀವ್ರ ನೋವು, ತಲೆಸುತ್ತು ಬಂದರೆ ಅದೇ ತಾಸಿನಲ್ಲಿ ಆಸ್ಪತ್ರೆಗೆ. ಗರ್ಭ ನಾಳದಲ್ಲಿ ನಿಂತಿರಬಹುದು.

ನುಂಗಿದ ಗುಳಿಗೆ ಮುಂದಿನ ಸಂಪರ್ಕಕ್ಕೆ ಕಾವಲಲ್ಲ, ಆ ರಾತ್ರಿಯೇ ಮತ್ತೆ ಸೇರಿದರೂ ಗರ್ಭ ನಿಲ್ಲಬಹುದು. ಮುಂದಿನ ಮುಟ್ಟಿನವರೆಗೆ ಕಾಂಡೋಮ್ ತಪ್ಪಿಸಬೇಡಿ. ತಿಂಗಳಿಗೊಮ್ಮೆ ಐ-ಪಿಲ್ ನುಂಗುವ ಪರಿಸ್ಥಿತಿ ಇದ್ದರೆ ಸರ್ಕಾರಿ ಆಸ್ಪತ್ರೆಯಲ್ಲಿ ದಿನವೂ ನುಂಗುವ ಮಾಲಾ-ಎನ್, ವಾರದ ಛಾಯಾ ಗುಳಿಗೆ, ಮೂರು ತಿಂಗಳಿಗೊಂದು ಅಂತರಾ ಚುಚ್ಚುಮದ್ದು ಕೇಳಿ. ಮೂರೂ ಉಚಿತ, ಮೂರೂ ಐ-ಪಿಲ್‌ಗಿಂತ ಹೆಚ್ಚು ನಂಬಿಕೆಯವು.