ಸ್ಪ್ರೇಗೆ ಮುಂಚೆ ಒಂದೇ ಒಂದು ಹನಿ

ಡಕ್ಟ್ ಒಳಗೆ ಬಿಸಿ ಗಾಳಿ ಹೋಗುತ್ತಿರುತ್ತದೆ. ಅದಕ್ಕೆ ನೀರು ಸ್ಪ್ರೇ ಮಾಡಿ ತಣಿಸಬೇಕು, ಆದರೆ ಗೋಡೆ ಒದ್ದೆಯಾಗಬಾರದು. ನನಗೆ ಸಿಕ್ಕಿದ ಲೆಕ್ಕ ಇದು. ಹರಿವನ್ನು ಕಂಪ್ಯೂಟರ್‌ನಲ್ಲಿ ಲೆಕ್ಕ ಹಾಕುವ ಓಪನ್‌ಫೋಮ್ ಸಾಫ್ಟ್‌ವೇರ್‌ನಲ್ಲಿ ಗಾಳಿಗೆ ಗ್ರಿಡ್ ಹಾಕಿ (ಜಾಗವನ್ನು ಸಣ್ಣ ಸಣ್ಣ ತುಂಡುಗಳಾಗಿ ಹಂಚಿ), ಹನಿಗಳನ್ನು ಒಂದೊಂದು ಗುಂಪಾಗಿ ಹಿಂಬಾಲಿಸುವ ಲಗ್ರಾಂಜಿಯನ್ ವಿಧಾನ ಹಿಡಿದೆ. ಆವಿಯಾಗುವ ಭಾಗದ ಕೋಡ್ ನಾನೇ ಬರೆದೆ. ಓಡಿಸಿದರೆ ಗೋಡೆ ಪೂರ್ತಿ ಒದ್ದೆ. ಎರಡು ವಾರ ಗ್ರಿಡ್ ಬದಲಿಸಿದೆ, ಗಾಳಿಯ ಕುಲುಕಾಟವನ್ನು ಲೆಕ್ಕ ಹಾಕುವ ಟರ್ಬ್ಯುಲೆನ್ಸ್ ಮಾಡೆಲ್ ಬದಲಿಸಿದೆ, ಏನೂ ಸರಿಹೋಗಲಿಲ್ಲ.

ಆಮೇಲೆ ಎಲ್ಲ ಬದಿಗಿಟ್ಟು ಒಂದೇ ಒಂದು ಹನಿ ತೆಗೆದುಕೊಂಡೆ. 100 ಡಿಗ್ರಿಯ ಒಣ ಗಾಳಿಯಲ್ಲಿಟ್ಟರೂ ನೀರಿನ ಹನಿ ಅಷ್ಟು ಬಿಸಿಯಾಗುವುದಿಲ್ಲ. ಮಣ್ಣಿನ ಮಡಕೆಯ ನೀರು ತಣ್ಣಗಿರುತ್ತದೆ ಅಲ್ವಾ, ಅದೇ ಕಾರಣ. ಆವಿ ಹೋಗುವಾಗ ಶಾಖವನ್ನೂ ಹೊತ್ತುಕೊಂಡು ಹೋಗುತ್ತದೆ, ಹಾಗಾಗಿ ಹನಿ ಸುಮಾರು 30 ಡಿಗ್ರಿ ಹತ್ತಿರ ನಿಲ್ಲಬೇಕು. ನನ್ನ ಹನಿ 90 ದಾಟಿ ನಿಂತಿತ್ತು. ಹುಡುಕಿದರೆ, ಆವಿಯ ಒತ್ತಡಕ್ಕೆ ಹಾಕಿದ್ದ ಆಂಟ್ವಾನ್ ಸೂತ್ರದ ಉತ್ತರ ಪಾದರಸದ ಮಿಲಿಮೀಟರ್‌ನಲ್ಲಿ ಬರುತ್ತಿತ್ತು, ಕೋಡ್ ಅದನ್ನು ಪಾಸ್ಕಲ್ ಅಂತ ತೆಗೆದುಕೊಳ್ಳುತ್ತಿತ್ತು. ಒತ್ತಡ 133 ಪಟ್ಟು ಕಡಿಮೆ! ಹನಿ ಆರದೆ ಹಾಗೇ ಗೋಡೆವರೆಗೂ ಹೋಗುತ್ತಿದ್ದದ್ದು ಇದರಿಂದ. ಸ್ಪ್ರೇ ಚಿತ್ರವನ್ನು ಎಷ್ಟು ಹೊತ್ತು ನೋಡಿದರೂ ಇದು ಕಾಣಿಸುತ್ತಿರಲಿಲ್ಲ.

ಇನ್ನೊಂದು ಪರೀಕ್ಷೆಯನ್ನೂ ಈಗ ತಪ್ಪದೆ ಮಾಡುತ್ತೇನೆ. ನಿಂತ ಗಾಳಿಯಲ್ಲಿ ಹನಿಯ ವ್ಯಾಸದ ವರ್ಗವನ್ನು ಸಮಯದ ಎದುರು ಗ್ರಾಫ್ ಹಾಕಿದರೆ, ಮೊದಲಿನ ಸ್ವಲ್ಪ ಹೊತ್ತು ಬಿಟ್ಟು ಗೆರೆ ನೇರವಾಗಿ ಇಳಿಯಬೇಕು. ಅಂದರೆ 100 ಮೈಕ್ರಾನ್ ಹನಿ 50 ಮೈಕ್ರಾನ್ ಹನಿಗಿಂತ ನಾಲ್ಕು ಪಟ್ಟು ಹೊತ್ತು ಬದುಕುತ್ತದೆ. ಸುಮ್ನೆ ಸರಾಸರಿ ಗಾತ್ರ ಒಂದನ್ನೇ ಕೊಟ್ಟರೆ ಗೋಡೆ ಒಣಗಿದ ಹಾಗೆ ಕಾಣುತ್ತದೆ, ನಿಜದಲ್ಲಿ ಅದನ್ನು ಒದ್ದೆ ಮಾಡುವುದು ಕೆಲವೇ ದೊಡ್ಡ ಹನಿಗಳು. ಅದಕ್ಕೇ ರೋಸಿನ್-ರ‍್ಯಾಮ್ಲರ್ ಹಂಚಿಕೆಯನ್ನು (ಯಾವ ಗಾತ್ರದ ಹನಿ ಎಷ್ಟು ಅಂತ ಹೇಳುವ ಸೂತ್ರ) ನಾಝಲ್‌ನ ಅಳತೆಗೆ ಹೊಂದಿಸಿ ಕೊಟ್ಟೆ.

ಅಷ್ಟಾದರೂ ಸಣ್ಣ ಹನಿಗಳು ಗೋಡೆಗೆ ಜಾಸ್ತಿ ಬಡಿಯುತ್ತಿದ್ದವು. ಕೆ-ಎಪ್ಸಿಲಾನ್ ಅನ್ನುವ ಟರ್ಬ್ಯುಲೆನ್ಸ್ ಮಾಡೆಲ್‌ಗೆ ಗಾಳಿಯ ಕುಲುಕಾಟ ಎಲ್ಲ ದಿಕ್ಕಿಗೂ ಒಂದೇ. ಗೋಡೆಯ ಪಕ್ಕದಲ್ಲಿ ನಿಜವಾಗಿ ಗೋಡೆಯ ಕಡೆಗಿನ ಕುಲುಕಾಟ ಸತ್ತೇ ಹೋಗಿರುತ್ತದೆ, ಆದರೆ ರ‍್ಯಾಂಡಮ್ ವಾಕ್ (ಕುಲುಕಾಟಕ್ಕೆ ತಕ್ಕಂತೆ ಹನಿಗಳನ್ನು ಅಡ್ಡಾದಿಡ್ಡಿ ಸರಿಸುವ ಲೆಕ್ಕ) ಅವನ್ನು ಅತ್ತಲೂ ಅಷ್ಟೇ ಜೋರಾಗಿ ತಳ್ಳುತ್ತದೆ. ಗೋಡೆಯಿಂದ ಇರುವ ದೂರ ನೋಡಿ ಆ ಭಾಗವನ್ನು ತಗ್ಗಿಸಿದೆ.

ಈಗ ಗೋಡೆ ಮುಟ್ಟುವುದು ದೊಡ್ಡ ಹನಿಗಳು ಮಾತ್ರ, ಅದೂ ಡಕ್ಟ್ ತಿರುಗುವ ಜಾಗದಲ್ಲಿ.