ನಿಂತು ಗುರಿ ಹೊಡೆಯುವಾಗ ಕೈ ತಿದ್ದಬೇಡಿ, ಕಾಲು ತಿದ್ದಿ
ಕೊಡಗಿನ ಆಯುಧ ಹಬ್ಬ ಕೈಲ್ ಮುಹೂರ್ತದಲ್ಲಿ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆಗೆ ಪಾಯಿಂಟ್ 22 ರೈಫಲ್‌ನಲ್ಲಿ ಅಭ್ಯಾಸ ಮಾಡುತ್ತಿರುವವರು ಇದನ್ನು ಮಾಡಿ ನೋಡಿ. ಖಾಲಿ ಕೋವಿ ಎತ್ತಿ ಗುರಿ ಹಿಡಿಯಿರಿ. ಕಣ್ಣು ಮುಚ್ಚಿ, ಎರಡು ಸಲ ಉಸಿರಾಡಿ, ಮೈ ಸಡಿಲ ಬಿಟ್ಟು ಕಣ್ಣು ತೆರೆಯಿರಿ. ನಳಿಗೆ ಪಕ್ಕಕ್ಕೆ ಸರಿದಿದೆ ಅಲ್ವಾ? ಅದನ್ನು ಕೈಯಿಂದ ಎಳೆದು ತರಬೇಡಿ. ಹಿಂದಿನ ಕಾಲನ್ನು ಒಂದಿಂಚು ಸರಿಸಿ, ಮತ್ತೆ ಕಣ್ಣು ಮುಚ್ಚಿ ನೋಡಿ. ನಳಿಗೆ ಕೆಳಗಿಳಿದಿದ್ದರೆ ಮುಂದಿನ ಕೈಯನ್ನು ಸ್ವಲ್ಪ ನಿಮ್ಮ ಕಡೆಗೆ ತನ್ನಿ. ಸ್ನಾಯು ಬಿಗಿಹಿಡಿದು ಗುರಿಗೆ ತಂದ ಕೋವಿ, ಟ್ರಿಗರ್ ಒತ್ತುವ ಹೊತ್ತಿಗೆ ತನ್ನ ಜಾಗಕ್ಕೇ ವಾಪಸ್ ಹೋಗುತ್ತದೆ. ಮೈಯೇ ಗುರಿಯ ಕಡೆ ತಿರುಗಿದ್ದರೆ ಹೋಗುವುದಿಲ್ಲ. ಮಂಡಿಯೂರಿ, ಕೂತು ಹೊಡೆಯುವಾಗಲೂ ಇದೇ ಲೆಕ್ಕ, ಅಲ್ಲಿ ಇಡೀ ಮೈ ತಿರುಗಿಸಬೇಕು ಅಷ್ಟೆ. ದಿನಕ್ಕೆ ಹತ್ತು ನಿಮಿಷ ಸಾಕು. ತೋಳು ದಣಿದ ಮೇಲೆ ಸುಮ್ನೆ ಮುಂದುವರಿಸಿದರೆ ತಪ್ಪು ನಿಲುವೇ ರೂಢಿಯಾಗುತ್ತದೆ. ಚಲಿಸುವ ಗುರಿಗೆ ಇದು ನಡೆಯುವುದಿಲ್ಲ. ಇಳಿಜಾರಿನಲ್ಲಿ ಕಾಲಿಡಲು ಸಮ ಜಾಗ ಸಿಗದಿದ್ದರೂ ಕಷ್ಟವೇ. ಜೋರು ಗಾಳಿಯಲ್ಲಂತೂ ಯಾವ ನಿಲುವೂ ಪೂರ್ತಿ ನಿಲ್ಲುವುದಿಲ್ಲ, ಗಾಳಿ ತಗ್ಗುವವರೆಗೆ ಕಾಯುವುದೇ ಮೇಲು. ಒಂದು ಮಾತು ದಯವಿಟ್ಟು ಮರೆಯಬೇಡಿ: ಮನೆಯಲ್ಲಿ ಅಭ್ಯಾಸ ಮಾಡುವಾಗ ತೋಟಾ ಬೇರೆ ಕೋಣೆಯಲ್ಲಿರಲಿ. ತೋಟಾ ಕೂರುವ ಚೇಂಬರ್ ಖಾಲಿ ಇದೆಯಾ ಅಂತ ಕಣ್ಣಲ್ಲೂ ನೋಡಿ, ಬೆರಳಲ್ಲೂ ಮುಟ್ಟಿ ನೋಡಿ. ನಳಿಗೆ ಯಾರೂ ಓಡಾಡದ ಗಟ್ಟಿ ಗೋಡೆಯ ಕಡೆ ಇರಲಿ. ಪಾಯಿಂಟ್ 22ರಲ್ಲಿ ತೋಟಾ ಇಲ್ಲದೆ ಟ್ರಿಗರ್ ಒತ್ತಿದರೆ, ತೋಟಾಕ್ಕೆ ಬಡಿಯಬೇಕಾದ ಪಿನ್ ಚೇಂಬರಿನ ಅಂಚಿಗೆ ಬಡಿದು ಹಾಳಾಗಬಹುದು, ಅದಕ್ಕೆ ಮದ್ದಿಲ್ಲದ ಡಮ್ಮಿ ತೋಟಾ ಹಾಕಿಕೊಳ್ಳಿ.